ಟ್ರೈಲರ್ ಮಾವ

ಇಸ್ತ್ರಿ ಅಂಗಡಿಯವನಿಗೆ ಬೀದಿಯವರು ಇಟ್ಟ ಹೆಸರು ಟ್ರೈಲರ್ ಮಾವ. ಬಟ್ಟೆ ಕೊಡಲು ಹೋದವರ ಮೂಗಿನ ಮುಂದೆ ಮೊಬೈಲ್ ಹಿಡಿದು, "ಈಗ ಬರುತ್ತೆ ನೋಡಿ, ಈಗ ಬರುತ್ತೆ" ಎನ್ನುತ್ತಾನೆ. ಬರುವುದು ಜಾರಿಬೀಳುವ ಬೆಕ್ಕೋ, ಟ್ರೈಲರಿನಲ್ಲಿ ಹಾರುವ ಲಾರಿಯೋ. ತಾನು ಮಾತ್ರ ನೋಡುವವರ ಮುಖವನ್ನೇ ನೋಡುತ್ತಿರುತ್ತಾನೆ. ನಗು ತಡವಾದರೆ ಮತ್ತೆ ಮೊದಲಿನಿಂದ ಹಾಕುತ್ತಾನೆ; ಅಷ್ಟರಲ್ಲಿ ಯಾರದೋ ಕಾಲರ್ ಸೀದಿರುತ್ತದೆ. "ಸಿನಿಮಾಕ್ಕೇ ಹೋಗಬಾರದಾ ಮಾವ?" ಎಂದರೆ, "ಚೆನ್ನಾಗಿರೋದೆಲ್ಲ ಇಲ್ಲೇ ತೋರಿಸಿಬಿಟ್ರಲ್ಲಮ್ಮ!" ಎನ್ನುತ್ತಾನೆ. ಹಿಂದೆ ಇದೇ ಬೀದಿಯಲ್ಲಿ ಚಿತ್ರೀಕರಿಸಿದ್ದ, ಊರೆಲ್ಲ ಮೊಬೈಲಿನಲ್ಲಿ ಹಂಚಿಕೊಂಡಿದ್ದ ಕೊಡೆಯ ಜಾಹೀರಾತೊಂದನ್ನು ಮಾತ್ರ, ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿ ತಾನೇ ನೋಡುತ್ತಾನೆ. ಅದರಲ್ಲಿ ಕುಣಿಯುವವರ ಹಿಂದೆ, ಈಗಿಲ್ಲದ ಅವನ ಹೆಂಡತಿ ಬಟ್ಟೆಗಂಟು ಹೊತ್ತು ಕಣ್ಣು ಮಿಟುಕಿಸುವಷ್ಟರಲ್ಲಿ ದಾಟಿಹೋಗುತ್ತಾಳೆ. ಅಂಗಡಿಯಲ್ಲಿ ಯಾರೂ ಇಲ್ಲದಿದ್ದರೂ ಅವನು ಹೇಳುತ್ತಾನೆ: "ಈಗ ಬರ್ತಾಳೆ ನೋಡಿ."