ಅಜ್ಜಿ ಹತ್ತದ ಕಾರು

ಆಗೆಲ್ಲ ದೂರದ ಊರಿಗೆ ಹೊರಡುವುದೆಂದರೆ ಮನುಷ್ಯರಿಗಿಂತ ಮೊದಲು ಕಾರನ್ನು ಹೊರಡಿಸಬೇಕಿತ್ತು. ನಮ್ಮ ಹೊನ್ನೂರಿನಲ್ಲಿ ಕಾರು ಅಂತ ಇದ್ದದ್ದು ಒಂದೇ, ನಮ್ಮಪ್ಪನದು. ಕೊಳ್ಳೇಗಾಲದ ರೇಷ್ಮೆ ವ್ಯಾಪಾರಿಯೊಬ್ಬರು ಓಡಿಸಿ ಸಾಕಾಗಿ ಮಾರಿದ್ದ ಕರಿ ಕಾರು. ಅರವತ್ತರ ದಶಕದ ಕೊನೆಯ ಒಂದು ಬೇಸಿಗೆ. ಅಪ್ಪ ಆಲೆಮನೆಯಿಂದ ಬಂದವನೇ ಜಗಲಿಯಲ್ಲಿ ಕೂತು, "ಅವ್ವಾ, ಈ ಸಲ ನಿನ್ನ ಸಿರಿಸೈಲಕ್ಕೆ ಕರ್ಕಂಡ್ ಓಯ್ತೀನಿ, ಕಾರಲ್ಲೇ" ಅಂದ.

ಶ್ರೀಶೈಲದ ಮಲ್ಲಯ್ಯನನ್ನು ಕಣ್ಣಾರೆ ನೋಡಬೇಕೆಂಬುದು ಅಜ್ಜಿಗೆ ಮದುವೆಯಾಗಿ ಬಂದಾಗಿನಿಂದ ಇದ್ದ ಆಸೆ. ಅಷ್ಟೊತ್ತಿಗೆ ಎರಡೂ ಕಣ್ಣಿಗೆ ಪೊರೆ ಬಂದು, ಎದುರಿಗೆ ನಿಂತವರು ಗಂಡಸೋ ಹೆಂಗಸೋ ಅನ್ನುವಷ್ಟು ಮಾತ್ರ ಕಾಣುತ್ತಿತ್ತು. ತಡಮಾಡಿದರೆ ಅದೂ ಹೋಗುವುದರಲ್ಲಿತ್ತು. ಮಗ ಹೇಳಿದ್ದನ್ನು ಕೇಳಿ ಬೇರೆ ಯಾರಾದರೂ ಆಗಿದ್ದರೆ ಕುಣಿದಾಡುತ್ತಿದ್ದರು. ಅಜ್ಜಿ ಎಲೆಅಡಿಕೆ ಉಗಿದು, "ಸಿರಿಸೈಲಕ್ಕೋ, ಮೈಸೂರ್ಗೋ?" ಅಂದಳು.

ಕೇಳಲು ಕಾರಣವಿತ್ತು. ಹಿಂದಿನ ವರ್ಷ ಅಪ್ಪ ನೆಂಟರ ಮದುವೆ ಎಂದು ಹೇಳಿ ಅವಳನ್ನು ಮೈಸೂರಿನ ಕಣ್ಣಾಸ್ಪತ್ರೆಯೊಂದಕ್ಕೆ ಕರೆದೊಯ್ದಿದ್ದ. ವಾಲಗದ ಸದ್ದಿಲ್ಲ, ಫಿನಾಯಿಲಿನ ವಾಸನೆ ಬರುತ್ತಿದೆ ಎಂದು ಅಜ್ಜಿ ಗೇಟಿನಲ್ಲೇ ಕೂತುಬಿಟ್ಟಳಂತೆ. ಧನಗೆರೆಯಲ್ಲಿದ್ದ ಅವಳ ತಂಗಿ ಕಣ್ಣು ಕೊಯ್ಯಿಸಿಕೊಂಡು, ಹಸಿರು ಬಟ್ಟೆ ಕಟ್ಟಿಕೊಂಡು ಬಂದವಳು, ಬಟ್ಟೆ ಬಿಚ್ಚಿದ ಮೇಲೂ ಏನನ್ನೂ ಕಾಣದೆ ತೀರಿಕೊಂಡಿದ್ದಳು. ಅದನ್ನು ಕಂಡಿದ್ದ ಅಜ್ಜಿ ತನ್ನ ಕಣ್ಣಿಗೆ ಕತ್ತಿ ತಾಗಿಸಲು ಸುತರಾಂ ಒಪ್ಪುತ್ತಿರಲಿಲ್ಲ.

ಕೊಳ್ಳೇಗಾಲದಿಂದ ಚಿನ್ನಪ್ಪ ಮೇಸ್ತ್ರಿ ಬಂದು ಹುಣಸೆ ಮರದ ನೆರಳಲ್ಲಿ ಕಾರನ್ನು ಬಿಚ್ಚಿ ಹರಡಿದ. ಪ್ಲಗ್ಗುಗಳನ್ನು ಉಪ್ಪುಕಾಗದದಲ್ಲಿ ಉಜ್ಜಿದ. ಟ್ಯೂಬುಗಳನ್ನು ಬಾನಿಯ ನೀರಿನಲ್ಲಿ ಮುಳುಗಿಸಿದಾಗ ಗುಳ್ಳೆ ಎಲ್ಲೇಳುತ್ತದೆಂದು ಮೊದಲು ಕೂಗುವುದೇ ನಮಗೆ ಆಟ. ಪಂಕ್ಚರ್ ಅಂಟಿನ ವಾಸನೆ, ಒಳಗೆ ಅಮ್ಮ ಕರಿಯುತ್ತಿದ್ದ ಚಕ್ಕುಲಿಯ ವಾಸನೆ, ಎರಡೂ ಸೇರಿ ಅಂಗಳದ ತುಂಬ ಹಬ್ಬಿದ್ದವು. ದಾರಿಯಲ್ಲಿ ಕುಡಿಯಲು ನೀರು ತಣ್ಣಗಿರಲೆಂದು ಮುಂದಿನ ಬಂಪರಿಗೆ ಕಟ್ಟುವ ಕ್ಯಾನ್ವಾಸ್ ಚೀಲವೂ ಬಂತು.

ಸಂಜೆಯಾದರೆ ಅಜ್ಜಿ ಕೋಲೂರಿಕೊಂಡು ಬಂದು, ಎಮ್ಮೆ ಕೊಳ್ಳುವವರ ಹಾಗೆ ಕಾರಿನ ಮೈಯೆಲ್ಲ ತಡವುತ್ತಿದ್ದಳು. ಕಣ್ಣಿಗೆ ಕಾಣದ್ದನ್ನು ಹೇಳಲು ಪಕ್ಕದಲ್ಲಿ ನಾನು. ಮನೆಯಲ್ಲಿ ಅವಳು ನಂಬುತ್ತಿದ್ದದ್ದು ನನ್ನೊಬ್ಬಳನ್ನೇ. "ಕೂಸು ಇನ್ನೂ ಸುಳ್ಳೇಳಕ್ಕೆ ಕಲ್ತಿಲ್ಲ" ಅನ್ನುತ್ತಿದ್ದಳು.

ಒಂದು ದಿನ ಮೇಸ್ತ್ರಿಯ ಬಾಯಿ ಬಿಡಿಸಲು ನೋಡಿದಳು. "ಏನ್ ಚಿನ್ನಪ್ಪ, ಮೈಸೂರ್ಗಂಟ ಓಗಿಬರಕ್ಕೆ ಇಷ್ಟೆಲ್ಲ ರಿಪೇರಿನಾ?"

"ಮೈಸೂರ್ಗಾ? ಯಜಮಾನ್ರು ಸಿರಿಸೈಲ ಅಂದ್ರಲ್ಲವ್ವಾ!"

ಅಜ್ಜಿ ನನ್ನ ಕಿವಿಗೆ ಬಾಯಿಟ್ಟು, "ಇವ್ನಿಗೂ ಯೋಳ್ಕೊಟ್ಟವ್ರೆ ಕಣ್ ಕೂಸೇ" ಅಂದಳು.

ಆದರೆ ಚಕ್ಕುಲಿಯ ಡಬ್ಬ ತುಂಬಿತು, ತಂಬಿಟ್ಟು ಬಂತು, ಹುಣಸೆ ಗೊಜ್ಜು ಜಾಡಿಗೆ ಸೇರಿತು. "ಆಸ್ಪತ್ರೆಲಿ ತಂಬಿಟ್ ಕೊಟ್ಟಾರಾ?" ಎಂದು ಕೇಳಿದಳು. ಇಲ್ಲವೆಂದೆ. "ಅಂಗಾದ್ರೆ ಸಿರಿಸೈಲನೇ ಇರ್ಬೋದು" ಎಂದು ಆ ರಾತ್ರಿ ಕರ್ಪೂರದ ವಾಸನೆಯ ರೇಷ್ಮೆ ಸೀರೆಯನ್ನು ಪೆಟ್ಟಿಗೆಯಿಂದ ತೆಗೆದು ದಿಂಬಿನ ಪಕ್ಕ ಇಟ್ಟುಕೊಂಡು ಮಲಗಿದಳು. ನನಗೆ ಖುಷಿಯೋ ಖುಷಿ.

ಹೊರಡುವ ಹಿಂದಿನ ಸಂಜೆ ಕೊನೆಯ ಸಲ ಕಾರು ತಡವಲು ಬಂದಳು. ಹಿಂದಿನ ಸೀಟಿನ ಅಡಿಗೆ ಕೈ ಹಾಕಿದವಳು ಏನನ್ನೋ ಎಳೆದಳು. ಎರಡು ಬಟ್ಟೆಪಟ್ಟಿಗಳು, ಗೇಣಗಲದವು. ನಾಲ್ಕೂ ತುದಿಗೆ ಕಟ್ಟುವ ಲಾಡಿ.

"ಯಾವ ಬಣ್ಣ ಕೂಸೇ?"

"ಅಸ್ರು ಕಣಜ್ಜಿ."

ಹಸಿರೆಂದು ಕೇಳಿದ್ದೇ ಪಟ್ಟಿಗಳನ್ನು ಸೀಟಿನ ಮೇಲೆಸೆದಳು. ಸರಸರನೆ ಜಗಲಿ ಹತ್ತಿ, ಕೊರಳಲ್ಲಿದ್ದ ಲಿಂಗದ ಬೆಳ್ಳಿ ಕರಡಿಗೆಯನ್ನು ಸೆರಗಿನಿಂದ ಹೊರಗೆಳೆದು ಎತ್ತಿ ಹಿಡಿದು, ಬೀದಿಗೆಲ್ಲ ಕೇಳುವಂತೆ ಕೂಗಿದಳು. "ನನ್ ಕಣ್ಗೆ ಕಟ್ಟಕ್ಕೆ ಬಟ್ಟೆ ಒಲ್ಸಿ ಮಡ್ಗವ್ರೆ! ಈ ಲಿಂಗದಾಣೆ, ಸಾಯಗಂಟ ಆ ಕಾರ್ಗೆ ಕಾಲಿಕ್ಕದಿಲ್ಲ!"

ಹಿಟ್ಟಿನ ಕೈಯಲ್ಲೇ ಅಮ್ಮ ಓಡಿ ಬಂದಳು. "ಅಯ್ಯೋ ಅತ್ತೆವ್ರೆ, ಅದು ಕಿಟ್ಕಿ ಪರ್ದೆ! ದಾರಿಲಿ ಬಿಸ್ಲು ನಿಮ್ ಕಣ್ಗೆ ಒಡೀದಿರ್ಲಿ, ಅಸ್ರು ತಂಪು ಅಂತ ನಾನೇ ಒಲ್ದಿದ್ದು!"

ಹೇಳುತ್ತ ಹೇಳುತ್ತಲೇ ಅಜ್ಜಿಗೆಂದು ಇಟ್ಟಿದ್ದ ಸೀಟಿನ ಪಕ್ಕದ ಕಿಟಕಿಗೆ, ಅದರ ಹಿಂದಿನ ಸಣ್ಣ ಗಾಜಿಗೆ ಅವನ್ನು ಕಟ್ಟಿದಳು. ಅಳತೆ ತೆಗೆದು ಹೊಲಿದಂತೆ ಕೂತವು. ಅಜ್ಜಿ ಮೆಲ್ಲಗೆ ಇಳಿದು ಬಂದು, ಹೊರಗೆ ನಿಂತೇ ಕಿಟಕಿಯೊಳಗೆ ಕೈಚಾಚಿ, ಒಂದೊಂದೇ ಗಂಟನ್ನು ಬೆರಳಿಂದ ಮುಟ್ಟಿ ನೋಡಿದಳು.

"ಒಂದ್ ಮಾತ್ ಕೇಳ್ಬಾರದಿತ್ತಾ ಅವ್ವಾ?" ಕೂಗು ಕೇಳಿ ಹೊರಗೆ ಬಂದಿದ್ದ ಅಪ್ಪ ಅಂದ.

"ಓದ್ ವರ್ಸ ನೀ ಸುಳ್ಳೇಳ್ದೆ ಇದ್ದಿದ್ರೆ ಕೇಳ್ತಿದ್ನೋ ಏನೋ ಮಗಾ."

ಮಠದ ಅಯ್ಯನವರನ್ನು ಕೇಳಿ ಆಣೆ ಬಿಡಿಸಿಕೊಳ್ಳಿ ಎಂದು ನೆರೆಯವರು ಹೇಳಿದರು. "ಲಿಂಗದ ಮುಂದೆ ಆಡಿದ್ ಮಾತು ಅಂಗ್ಡಿ ಸಾಮಾನಾ, ವಾಪಸ್ ಮಾಡಕ್ಕೆ?" ಎಂದು ಅಜ್ಜಿ ಅವರ ಬಾಯಿ ಮುಚ್ಚಿಸಿದಳು. ಅಷ್ಟು ದೂರ ಬಸ್ಸಿನಲ್ಲಿ ಹೋಗಲು ಅವಳ ಮೈಗಾಗದು. ಅಪ್ಪ ಪ್ರಯಾಣವೇ ಬೇಡವೆಂದ. ಅದಕ್ಕೂ ಅವಳು ಬಿಡಲಿಲ್ಲ. ನನ್ನನ್ನು ಹತ್ತಿರ ಎಳೆದುಕೊಂಡು, "ನನ್ ಜಾಗದಲ್ಲಿ ನೀ ಕೂತ್ಕ. ಎಲ್ಲಾನೂ ನೋಡ್ಕಬಂದು ಯೋಳು" ಅಂದಳು. ಬೆಳಗ್ಗೆ ಕಾರು ಹೊರಟಾಗ ನಾನು ಆ ಹಸಿರು ಪರದೆಯ ಹಿಂದೆ ಕೂತು ಯಳಂದೂರು ದಾಟುವವರೆಗೂ ಅಳುತ್ತಲೇ ಇದ್ದೆ.

ಹಿಂತಿರುಗಿದ ದಿನ ಅಜ್ಜಿ ಯಾರನ್ನೂ ಮಾತಾಡಿಸದೆ ನನ್ನನ್ನು ಜಗಲಿಯಲ್ಲಿ ಕೂರಿಸಿಕೊಂಡಳು. ಗೋಪುರ ಎಂದೆ, "ಯಾವ ಬಣ್ಣ ಕೂಸೇ?" ಹೊಳೆ ಎಂದೆ, "ಯಾವ ಬಣ್ಣ?" ಬೆಟ್ಟದ ಕಲ್ಲಿಗೂ ಕಾಡಿನ ಮರಕ್ಕೂ ಅದೇ ಪ್ರಶ್ನೆ. ಅಪ್ಪ ಕಂಬದ ಮರೆಯಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದ. ಕೊನೆಗೆ, "ಮಲ್ಲಯ್ಯ?" ಅಂದಳು.

"ಕಪ್ಪು ಕಣಜ್ಜಿ. ನೀರಾಕುದ್ರೆ ಒಳೀತದೆ."

"ಸರಿ ಬುಡು. ನೋಡ್ದಂಗಾಯ್ತು" ಎಂದು ಕರಡಿಗೆಯನ್ನು ಕಣ್ಣಿಗೊತ್ತಿಕೊಂಡಳು. ಮುಂದಿನ ಬೇಸಿಗೆಗೆ ಅವಳ ಕಣ್ಣು ಪೂರ್ತಿ ಹೋಯಿತು.

ಈಗ ಹೊನ್ನೂರಿನಲ್ಲಿ ಬೀದಿಗೆ ನಾಲ್ಕು ಕಾರು. ಯಾರೂ ಬಾನಿಯಲ್ಲಿ ಟ್ಯೂಬು ಮುಳುಗಿಸುವುದಿಲ್ಲ, ಬಂಪರಿಗೆ ನೀರಿನ ಚೀಲ ಕಟ್ಟುವುದಿಲ್ಲ. ಈಚೆಗೆ ಮತ್ತೊಮ್ಮೆ ಶ್ರೀಶೈಲಕ್ಕೆ ಹೋಗಿದ್ದೆ. ನಾನು ಮನೆ ಸೇರುವ ಮೊದಲೇ ಮೊಬೈಲಿನಲ್ಲಿ ಫೋಟೋಗಳು ಸೇರಿದ್ದವು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಹೇಳಲು ಬಾಯಿ ತೆರೆದೆ, ಎಲ್ಲರೂ "ನೋಡಿದ್ವಿ, ನೋಡಿದ್ವಿ" ಅಂದರು. ಮನೆಮಂದಿಯನ್ನೆಲ್ಲ ಅನುಮಾನಿಸುತ್ತಿದ್ದ ಒಬ್ಬಳು ಹಸಿರೆಂಬ ನನ್ನೊಂದು ಮಾತನ್ನು ನಂಬಿ ಶ್ರೀಶೈಲ ಬಿಟ್ಟಳು, ನನ್ನ ಮಾತನ್ನು ನಂಬಿಯೇ ಅದನ್ನು ನೋಡಿದಳು. ಅಷ್ಟು ನಂಬಿ ನನ್ನನ್ನು ಮತ್ತೆ ಯಾರೂ ಏನನ್ನೂ ಕೇಳಿಲ್ಲ.