ಟೇಪು ಬಿಚ್ಚದ ಪೆಟ್ಟಿಗೆಯೇ ಬೇಕು ಎನ್ನುವ ಲುಸಿಲಿಯಾ

2024ರ ಅಕ್ಟೋಬರ್ 15, ಮಂಗಳವಾರ, ಬೆಳಗ್ಗೆ 5 ಗಂಟೆ 50 ನಿಮಿಷ. ಮೆನ್ಲೊ ಪಾರ್ಕಿನ ಸ್ಯಾಂಡ್ ಹಿಲ್ ರಸ್ತೆಯಲ್ಲಿ ಹುಲ್ಲಿಗೆ ನೀರು ಚಿಮ್ಮುವ ಸದ್ದು ಬಿಟ್ಟರೆ ಬೇರೇನಿಲ್ಲ. ಹೊಸ ಕಂಪನಿಗಳಿಗೆ ಬಂಡವಾಳ ಹೂಡುವ ಸಣ್ಣ ಸಂಸ್ಥೆಯೊಂದರ ಹಿಂದಿನ ಕೋಣೆಯಲ್ಲಿ ಲುಸಿಲಿಯಾ ಬೆಟೆನ್‌ಕೋರ್ಟ್ ದೀಪ ಹಾಕುತ್ತಾರೆ. ಮೇಜಿನ ಮೇಲೆ ಚರ್ಮದಂತೆ ಮೆತ್ತಗಿರುವ ಸಿಲಿಕೋನ್ ತುಂಡುಗಳು, ತಿಳಿ ಹಳದಿಯಿಂದ ಕಡು ಹಳದಿಯವರೆಗೆ. ಪಕ್ಕದಲ್ಲಿ ಟೇಪು ಬಿಚ್ಚದ ಐದು ಪೆಟ್ಟಿಗೆ. ಒಳಗಿರುವುದು ಹಸುಗೂಸಿನ ಹಣೆಗೆ ಒತ್ತಿದರೆ ಕಾಮಾಲೆ ಎಷ್ಟಿದೆ ಎಂದು ಹೇಳುವ ಪುಟ್ಟ ಯಂತ್ರಗಳು.

ಒಂದೊಂದು ತುಂಡೂ ಇಂತಿಷ್ಟು ಕಾಮಾಲೆಯಿರುವ ಚರ್ಮದ ಹಾಗೆ; ಡೆಸಿಲೀಟರ್ ರಕ್ತಕ್ಕೆ ಎಷ್ಟು ಮಿಲಿಗ್ರಾಂ ಹಳದಿ ಅಂಶ ಎಂಬ ಅದರ ನಿಜವಾದ ಅಂಕಿ ಲುಸಿಲಿಯಾಗೆ ಗೊತ್ತು. ಯಂತ್ರ ತೋರಿಸುವ ಅಂಕಿ ಅದರಿಂದ ಒಂದೂವರೆ ಮಿಲಿಗ್ರಾಂಗಿಂತ ಆಚೆ ಹೋದರೆ, ಹತ್ತು ಗಂಟೆಯ ಸಭೆಯಲ್ಲಿ ಪಾಲುದಾರರು ಬೇಡ ಎನ್ನುತ್ತಾರೆ. ಯಂತ್ರ ಮಾಡಿದ ಕೀರನ್ ಮಾಟ್ಸುಡಾನ ಕಂಪನಿ ಈ ತಿಂಗಳಿಗೇ ಮುಚ್ಚುತ್ತದೆ.

ಕೀರನ್ ಆಗಲೇ ಹೊರಗೆ ಕಾರಿನಲ್ಲಿ ಕೂತಿದ್ದಾನೆ. ಯಂತ್ರ ಮಾಡಿದವರು ಪರೀಕ್ಷೆಯ ಕೋಣೆಗೆ ಬರುವಂತಿಲ್ಲ. ಲುಸಿಲಿಯಾ ಮನೆಯಲ್ಲಿ ಮಾಡಿದ ಸಿಹಿ ಬ್ರೆಡ್ಡಿನ ತುಂಡು ಹಿಡಿದು ಕಾರಿನ ಬಳಿಗೆ ಹೋಗುತ್ತಾರೆ.

"ಹಸಿವಿಲ್ಲ ಲುಸಿಲಿಯಾ."

"ತಿನ್ನದಿದ್ರೆ ಸುಮ್ನೆ ಹಿಡ್ಕೊಂಡಿರು. ಕೈಗೊಂದು ಕೆಲಸ ಬೇಕಲ್ಲ."

ಅರವತ್ತೊಂದರ ಈ ಹೆಂಗಸು ಸ್ಯಾನ್ ಹೋಸೆಯ ಪೋರ್ಚುಗೀಸ್ ಕೇರಿಯವರು. ಆಸ್ಪತ್ರೆಯ ಲ್ಯಾಬಿನಲ್ಲಿ ದುಡಿದು, ಒಂಬತ್ತು ವರ್ಷದ ಹಿಂದೆ ಇಲ್ಲಿಗೆ ಬಂದವರು. ಕಂಪನಿಯವರು ಹೇಳಿದ್ದು ಹೇಳಿದಂತೆ ಇದೆಯೇ ಎಂದು ನೋಡುವುದು ಅವರ ಕೆಲಸ. ಸೇರುವಾಗಲೇ ಒಂದು ಷರತ್ತು ಹಾಕಿದರು: ಸಂಬಳ ಸಾಕು, ಲಾಭದಲ್ಲಿ ಪಾಲು ಬೇಡ. ಈ ಕಚೇರಿಯಲ್ಲಿ ಫೋನ್ ಎತ್ತುವವರಿಗೂ ಪಾಲಿದೆ. "ಪಾಲು ತಗೊಂಡ್ರೆ ಯಂತ್ರ ಚೆನ್ನಾಗಿರ್ಲಿ ಅಂತ ಮನಸ್ಸು ಬಯಸತ್ತೆ. ನಾನೂ ಮನುಷ್ಯಳೇ ಅಲ್ವಾ?" ಎನ್ನುತ್ತಾರೆ. ಗಂಡ ಟೋನಿಗೆ ಇದು ಹಳೆಯ ದೂರು: "ಇವಳು ಹೂಂ ಅಂದಿದ್ರೆ ನಮ್ಮ ಮನೆ ಕಡಲ ದಂಡೇಲಿರ್ತಿತ್ತು." ಲುಸಿಲಿಯಾ ತಿರುಗಿಯೂ ನೋಡುವುದಿಲ್ಲ. "ಕಾಲಿಗೆ ಮರಳು ಅಂಟಿದ್ರೆ ಗೊಣಗೋನು ನೀನು."

ಆರು ವಾರದ ಹಿಂದೆ ಕೀರನ್ ತನ್ನ ಯಂತ್ರ ತಂದು ತೋರಿಸಿದಾಗ ಅಂಕಿಗಳು ಕರಾರುವಾಕ್ಕಾಗಿ ಬಂದವು. ಹಿರಿಯ ಪಾಲುದಾರ ಡೆನ್ನಿಸ್ ಹಾಲ್ವರ್ಸನ್ ಪೆನ್ನು ತೆಗೆದರು. ಇನ್ನೊಂದು ಸಂಸ್ಥೆಯೂ ಹಣ ಹಾಕಲು ಕಾದಿತ್ತು. ಲುಸಿಲಿಯಾ ಮಾತ್ರ, ಆಸ್ಪತ್ರೆಗೆ ಹೋಗಲಿರುವ ಪೆಟ್ಟಿಗೆಗಳಲ್ಲಿ ಒಂದು ಕೊಡಿ ಎಂದರು.

"ಏನ್ರೀ, ಆ ಕಡೆಯೋರು ಚೆಕ್ ಹಿಡ್ಕೊಂಡು ಬಾಗಿಲಲ್ಲಿ ನಿಂತಿದಾರೆ, ನಿಮಗೆ ಪೆಟ್ಟಿಗೆ ಚಿಂತೆ" ಎಂದು ಡೆನ್ನಿಸ್ ಛೇಡಿಸಿದರು.

ಪೆಟ್ಟಿಗೆಯ ಯಂತ್ರ ನಾಲ್ಕು ಮಿಲಿಗ್ರಾಂ ಕಡಿಮೆ ತೋರಿಸಿತು. ಕೀರನ್ ಬಿಳಿಚಿಕೊಂಡ. ಅವನು ಮೋಸ ಮಾಡಿರಲಿಲ್ಲ. ಬಂಡವಾಳದವರಿಗೆ ತೋರಿಸಲೆಂದು ಇಟ್ಟಿದ್ದ ಆ ಒಂದು ಯಂತ್ರವನ್ನು ಅವನ ಹುಡುಗರು ಪ್ರತಿ ಸಲವೂ ಸರಿಹೊಂದಿಸುತ್ತಿದ್ದರು. ಅದನ್ನೇ ನೋಡಿ ನೋಡಿ, ಎಲ್ಲವೂ ಹಾಗೇ ಇವೆ ಎಂದು ನಂಬಿಬಿಟ್ಟಿದ್ದರು. ಬಂಡವಾಳ ಹೂಡುವ ಸಂಸ್ಥೆಗಳೇ ತುಂಬಿದ ಈ ರಸ್ತೆಯಲ್ಲಿ ಅಪರೂಪವಲ್ಲದ ತಪ್ಪು.

"ಸಹಿ ಮಾಡೋಣ, ಆಮೇಲೆ ಸರಿ ಮಾಡ್ಕೋತಾರೆ" ಎಂದರು ಡೆನ್ನಿಸ್.

"ಹದಿನೆಂಟು ಇರೋ ಮಗುಗೆ ಹದಿನಾಲ್ಕು ಅಂತ ತೋರಿಸಿದ್ರೆ ಅವರಮ್ಮ ಮನೆಗೆ ಎತ್ಕೊಂಡು ಹೋಗ್ತಾಳೆ, ಡೆನ್ನಿಸ್. ಕಾಮಾಲೆ ಮಿದುಳಿಗೆ ಹತ್ತಿದ್ರೆ ಆ ಮಗುಗೆ ಆಮೇಲೆ ಅನ್ನೋದು ಇರಲ್ಲ."

ಡೆನ್ನಿಸ್ ಪೆನ್ನಿಗೆ ಮುಚ್ಚಳ ಹಾಕಿದರು. ಕೀರನ್ ಆ ಅಂಕಿಯನ್ನು ತಾನೇ ಇನ್ನೊಂದು ಸಂಸ್ಥೆಗೂ ತಿಳಿಸಿದ. ಅವರು ಹಿಂದೆ ಸರಿದರು. ಇಲ್ಲಿ, ಯಂತ್ರಗಳನ್ನು ಸರಿಪಡಿಸಲು ಆರು ವಾರ ಕೇಳಿಕೊಂಡ.

ಇಂದಿನ ಪೆಟ್ಟಿಗೆಗಳನ್ನು ಅವನು ಕಳಿಸಿದ್ದಲ್ಲ. ನಿನ್ನೆ ಡೆನ್ನಿಸ್ ಅವರೇ ಹೇಳದೆ ಕೇಳದೆ ಅವನ ಗೋದಾಮಿಗೆ ಹೋಗಿ, ಕೈಗೆ ಸಿಕ್ಕವನ್ನು ಎತ್ತಿಕೊಂಡು ಬಂದಿದ್ದಾರೆ. ಅದನ್ನು ಹೇಳುವಾಗ ಲುಸಿಲಿಯಾ ಮುಖದಲ್ಲಿ ನಗು ಸುಳಿಯುತ್ತದೆ. "ನಾನಿನ್ನು ಎರಡು ವರ್ಷ ಇರ್ತೀನಿ. ನನ್ನ ಜಾಗಕ್ಕೆ ಬರೋರು ಪೆಟ್ಟಿಗೆ ಕೊಡಿ ಅಂತ ಕೇಳೋ ಹಾಗಾಗಬಾರದು. ತಾನಾಗೇ ಮೇಜಿನ ಮೇಲಿರಬೇಕು. ಅಷ್ಟಾದ್ರೆ ಸಾಕು."

ಎಂಟು ಗಂಟೆಗೆ ಅವರು ಐದನೆಯ ಯಂತ್ರವನ್ನು ಕೊನೆಯ ತುಂಡಿಗೆ ಒತ್ತಿ, ಕಿಟಕಿ ತೆರೆದು, ಕಾರಿನಿಂದಿಳಿದು ನಿಂತ ಕೀರನ್‌ಗೆ ಕೇಳುವಂತೆ ಓದುತ್ತಾರೆ. ಐದೂ ಯಂತ್ರಗಳಲ್ಲಿ ಕಂಡ ಅತಿ ಹೆಚ್ಚಿನ ವ್ಯತ್ಯಾಸ 0.8 ಮಿಲಿಗ್ರಾಂ, ಒಂದೂವರೆಯ ಗೆರೆಯ ಒಳಗೇ.