ಜೆಸಿಂತಾಳ ಕಿಟಕಿಯ ಆಂಟೆನಾ

ಛಾವಣಿಗೆ ಹತ್ತುವ ಮೆಟ್ಟಿಲು ಎಲ್ಲಿದೆ ಎಂದು ನಾನು ಕೇಳಿದ್ದು, ಅಷ್ಟೇ. ಕಟ್ಟಡ ನೋಡಿಕೊಳ್ಳುವ ಹೆಂಗಸು (ಅಂಥವರಿಗೆ ಇಲ್ಲಿ ‘ಸೂಪರ್’ ಎಂದು ಹೆಸರು) ಕೈಯಲ್ಲಿದ್ದ ಕೀಲಿಗೊಂಚಲನ್ನು ಮೇಜಿನ ಮೇಲಿಟ್ಟು, ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಒಂದು ಲೋಟ ನೀರು ತಂದುಕೊಟ್ಟಳು. ಆಮೇಲೆ ತುಂಬ ಮೆತ್ತಗೆ, “ಮನೆಯಲ್ಲಿ ಎಲ್ಲ ಸರಿಯಾಗಿದೆಯೇ? ಯಾರ ಹತ್ತಿರವಾದರೂ ಮಾತಾಡಬೇಕು ಅನ್ನಿಸುತ್ತಿದೆಯೇ?” ಎಂದು ಕೇಳಿದಳು. ಆಂಟೆನಾ ಕಟ್ಟಲು ಜಾಗ ನೋಡಬೇಕಿತ್ತು ಎಂದೆ. ಅವಳು ನಂಬಲಿಲ್ಲ. ಹದಿನೈದು ಮಹಡಿಯ ಕಟ್ಟಡ, ಹೊರಗೆ ಮಂಜು, ಎದುರಿಗೆ ಅರುವತ್ತೇಳು ವರ್ಷದ ಮುದುಕ. ಸೀದಾ ನನ್ನ ಮಗಳಿಗೆ ಫೋನ್ ಮಾಡಿದಳು.

ಕಾರ್ಕಳದಲ್ಲಿ ಮೂವತ್ತು ವರ್ಷ ನಾನು ಕೇಳಿದ ಮೊದಲ ಪ್ರಶ್ನೆಯೇ ಅದು. ಯಾರ ಮನೆಗೆ ಹೋದರೂ ಚಪ್ಪಲಿ ಬಿಡುವ ಮೊದಲೇ “ಏಣಿ ಉಂಟಾ?” ಟಿವಿ ರಿಪೇರಿಯ ಅಂಗಡಿ ಇಟ್ಟುಕೊಂಡಿದ್ದೆ. ಕುಕ್ಕುಂದೂರಿನಿಂದ ಅಜೆಕಾರಿನವರೆಗೆ ನಾನು ಹತ್ತದ ಹಂಚಿನ ಮಾಡು ಕಡಿಮೆ. ಕೆನಡಾ ದೇಶದ ಈ ಹ್ಯಾಮಿಲ್ಟನ್ ಪಟ್ಟಣದಲ್ಲಿ ಮಾತ್ರ, ಮಾಡು ಹತ್ತಬೇಕು ಎನ್ನುವವನನ್ನು ಸಾಯಲು ಹೊರಟವನು ಎಂದು ತಿಳಿಯುತ್ತಾರೆ. ಮಗಳು ಪ್ರೆಸಿ ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದವಳು ನಗಬೇಕೋ ಅಳಬೇಕೋ ತಿಳಿಯದೆ ಸೋಫಾದಲ್ಲಿ ಕುಸಿದಳು.

“ಪಪ್ಪಾ, ಟಿವಿಗೆ ಇಂಟರ್‌ನೆಟ್ ಉಂಟಲ್ವಾ? ಆಂಟೆನಾ ಎಂತಕ್ಕೆ?”

ಎಂತಕ್ಕೆ ಎಂದರೆ ಅವಳ ಅಮ್ಮನಿಗೆ. ನಾವಿಬ್ಬರೂ ಇಲ್ಲಿಗೆ ಬಂದದ್ದು ಪ್ರೆಸಿಯ ಚೊಚ್ಚಲ ಹೆರಿಗೆಗೆ. ಅಳಿಯ ಹಡಗಿನಲ್ಲಿ ಇಂಜಿನಿಯರ್, ಆರು ತಿಂಗಳು ನೀರಿನ ಮೇಲೆಯೇ. ಬಾಣಂತನಕ್ಕೆ ಜೆಸಿಂತಾ ಅಲ್ಲದೆ ಬೇರೆ ಜನ ಇಲ್ಲ. ಆದರೆ ಬಂದು ಎರಡು ತಿಂಗಳಾಗುವಷ್ಟರಲ್ಲಿ ನನ್ನ ಹೆಂಡತಿಯ ಮಾತೇ ನಿಂತುಹೋಯಿತು. ಕುಕ್ಕುಂದೂರಿನಲ್ಲಿ ನೆರೆಮನೆಯ ಕೋಳಿಯನ್ನೂ ಹೆಸರು ಹಿಡಿದು ಬೈಯುತ್ತಿದ್ದವಳು. ಇಲ್ಲಿ ಹಾಲ್‌ನ ದೊಡ್ಡ ಕಿಟಕಿಯ ಬಳಿ ಕುರ್ಚಿ ಎಳೆದುಕೊಂಡು ಕೂತರೆ ಕೂತಳು. ಮೊಣಕಾಲು ನೋವು, ಹೊರಗೆ ಜಾರುವ ನೆಲ. ಇಲ್ಲಿಯ ಚರ್ಚು ದೂರ, ಪ್ರೆಸಿಗೆ ಆದಿತ್ಯವಾರವೂ ಡ್ಯೂಟಿ. ನಲವತ್ತು ವರ್ಷ ಊರಿನ ಇಗರ್ಜಿಯ ಗಾಯನದಲ್ಲಿ ಮುಂದಿನ ಸಾಲಿನಲ್ಲಿ ನಿಂತವಳಿಗೆ ಪೂಜೆ ಇಲ್ಲದ ಆದಿತ್ಯವಾರ ಹೇಗಿರುತ್ತದೆ ಎಂದು ನನಗೆ ಗೊತ್ತು.

ಪ್ರೆಸಿ ಮೊಬೈಲಿನಲ್ಲಿ ಊರಿನ ಪೂಜೆ ಹಾಕಿಕೊಟ್ಟಳು. ಊರಲ್ಲಿ ಆದಿತ್ಯವಾರ ಬೆಳಿಗ್ಗೆಯಾದಾಗ ಇಲ್ಲಿ ಇನ್ನೂ ಶನಿವಾರ. “ಶನಿವಾರ ಕೂತು ಆದಿತ್ಯವಾರದ ಪೂಜೆ ನೋಡುವುದಾ?” ಎಂದಳು ಜೆಸಿಂತಾ. ಮರುದಿನ ಅದನ್ನೇ ಮತ್ತೆ ಹಾಕಿದರೆ, “ಅದು ಮುಗಿದ ಪೂಜೆ. ಮುಗಿದ ಮೇಲೆ ಪಾದ್ರಿಯ ಮಾತಿಗೆ ನಾನೆಂತ ಉತ್ತರ ಕೊಡುವುದು?” ಎಂದು ಮೊಬೈಲನ್ನು ಮಗುಚಿಟ್ಟಳು. ಒಂದು ದಿನ ಚಹಾ ಕುಡಿಯುತ್ತ, ಮಗಳ ಮುಖ ನೋಡದೆ, “ನನ್ನ ಟಿಕೆಟ್ ಮಾಡು ಮಗಳೇ. ಪಪ್ಪಾ ಇರಲಿ ನಿನ್ನೊಟ್ಟಿಗೆ. ನನ್ನಿಂದ ಆಗುವುದಿಲ್ಲ” ಅಂದಳು. ಪ್ರೆಸಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೋಣೆಗೆ ಹೋದಳು. ಮಗಳ ಹೆರಿಗೆಗೆ ಬಂದ ತಾಯಿ ಹೆರಿಗೆಗೆ ಮೊದಲೇ ವಾಪಸು ಹೋಗುವುದೆಂದರೆ ಏನು? ನನಗೆ ಭಯವಾಯಿತು. ನಾನು ಬಾಣಂತಿ ಸ್ನಾನ ಮಾಡಿಸಿದವನಲ್ಲ, ಕಷಾಯ ಕುದಿಸಿದವನಲ್ಲ. ನನಗೆ ಬರುವುದು ಒಂದೇ ಕೆಲಸ. ಅದೂ ಊರಲ್ಲಿ ಎಂದೋ ಸತ್ತುಹೋದದ್ದು.

ಸತ್ತದ್ದು ಎಂದೇ ತಿಳಿದಿದ್ದೆ. ನಮ್ಮ ಕಡೆ ಮಾಡಿನ ಮೇಲಿನ ಆಂಟೆನಾಗಳನ್ನು ಇಳಿಸಿ ಗುಜರಿಗೆ ಹಾಕಿದವನೂ ನಾನೇ. ಆಮೇಲೆ ಕೊಡೆಯಂಥ ಡಿಶ್‌ಗಳು ಬಂದವು, ಅವನ್ನೂ ಕೂರಿಸಿದೆ. ಮತ್ತೆ ಎಲ್ಲವೂ ಮೊಬೈಲಿಗೆ ಹೋಯಿತು, ಅಂಗಡಿಯ ಬಾಗಿಲು ಎಳೆದೆ. ಈಗ ಕೇಳಿ: ಇಷ್ಟು ಮುಂದುವರಿದ ದೇಶದಲ್ಲಿ ಟಿವಿ ಇನ್ನೂ ಗಾಳಿಯಲ್ಲಿ ಬರುತ್ತದೆ! ಡಿಶ್ ಬೇಡ, ಕೇಬಲ್ ಬೇಡ, ಪಾಸ್‌ವರ್ಡ್ ಬೇಡ, ತಿಂಗಳ ಬಿಲ್ಲಿಲ್ಲ. ಕೇಬಲ್ ತೆಗೆಸಿ ಮತ್ತೆ ಆಂಟೆನಾಕ್ಕೆ ಮರಳುವವರಿಗೆ ಇಲ್ಲಿ ‘ಕಾರ್ಡ್ ಕಟರ್’ ಎಂದು ಹೆಸರೇ ಇದೆ, ವೈರು ಕತ್ತರಿಸಿದವರು ಎಂದು. ಈ ಊರಿನ ಒಂದು ಚಾನೆಲ್ಲಿನಲ್ಲಿ ಆದಿತ್ಯವಾರ ಬೆಳಿಗ್ಗೆ ಪೂಜೆಯೂ ಬರುತ್ತದೆ ಎಂದು ಸೂಪರ್ ಹೇಳಿದಾಗ (ನಾನು ಸಾಯುವವನಲ್ಲ ಎಂದು ಖಾತ್ರಿಯಾದ ಮೇಲೆ ಅವಳು ದಿನಾ ಮಾತಾಡಿಸುತ್ತಿದ್ದಳು) ನನಗೆ ಮೈ ಜುಮ್ಮೆಂದಿತು. ಇಲ್ಲಿಯ ಆದಿತ್ಯವಾರ, ಇಲ್ಲಿಯ ಗಾಳಿಯಲ್ಲಿ, ಅದೇ ಹೊತ್ತಿಗೆ.

ಛಾವಣಿ ಹತ್ತಲು ಬಿಡುವುದಿಲ್ಲ. ಆದ್ದರಿಂದ ಒಳಗಿಡುವ ಆಂಟೆನಾವೇ ಆಗಬೇಕು. ಅಂಗಡಿಯ ಕಪಾಟಿನ ಮುಂದೆ ನಿಂತು ನಾನು ಬಾಯಿ ಬಿಟ್ಟೆ. ಎರಡು ಕಡ್ಡಿಗಳದ್ದು, ಅದಕ್ಕೆ ‘ಮೊಲದ ಕಿವಿ’ ಎನ್ನುತ್ತಾರೆ. ಕಾಗದದ ಹಾಗೆ ತೆಳ್ಳಗಿನ ಚೌಕ ಹಾಳೆಯದ್ದು. ಇನ್ನೊಂದು ಸಿಗ್ನಲ್ ಹೆಚ್ಚಿಸುವ ಬೂಸ್ಟರ್ ಇರುವ ದಪ್ಪ ಪೆಟ್ಟಿಗೆ. ಅಂಗಡಿಯವನು ತ್ರಿನಿದಾದ್ ದ್ವೀಪದಿಂದ ಬಂದವನು, ನನ್ನಷ್ಟೇ ವಯಸ್ಸು. ಎಷ್ಟನೆಯ ಮಹಡಿ, ಕಿಟಕಿ ಯಾವ ಕಡೆಗೆ ಎಂದೆಲ್ಲ ವಿಚಾರಿಸಿ, “ಹನ್ನೊಂದನೆಯ ಮಹಡಿಗೆ ಈ ಹಾಳೆ ಸಾಕು. ಟಿವಿ ಗೋಪುರದ ಕಡೆಯ ಕಿಟಕಿಗೆ ಅಂಟಿಸಿ” ಎಂದ. ನಾನು ಒಳಗೊಳಗೇ ನಕ್ಕೆ. ಅಜೆಕಾರಿನ ಗುಡ್ಡಗಳ ಹಿಂದೆ ಚಿತ್ರ ಎಳೆದು ತಂದವನಿಗೆ ಹಾಳೆ ತೋರಿಸುತ್ತಾನೆ! ನಮ್ಮಲ್ಲಿ ಆಂಟೆನಾ ಮನೆಯೊಳಗಿಟ್ಟರೆ ಪರದೆಯಲ್ಲಿ ಬರೀ ಚುಕ್ಕಿ. ತೆಂಗಿನ ಗರಿಗಿಂತ ಮೇಲೆ ಹೋಗಬೇಕು, ಬೂಸ್ಟರ್ ಬೇಕು. ದಪ್ಪ ಪೆಟ್ಟಿಗೆಯನ್ನೇ ತಂದೆ.

ಗೋಪುರಗಳೆಲ್ಲ ಪೂರ್ವಕ್ಕಿವೆ ಎಂದು ಪ್ರೆಸಿ ಮೊಬೈಲ್ ನೋಡಿ ಹೇಳಿದಳು. ಪೂರ್ವ ಹುಡುಕಲು ನನಗೆ ದಿಕ್ಸೂಚಿ ಬೇಕೇ? ನಮ್ಮ ಕರಾವಳಿಯಲ್ಲಿ ಎಡ ಬಲ ಎನ್ನುವವರು ಯಾರು? ಮನೆಯೊಳಗೆ ಚೊಂಬು ಸರಿಸುವುದಕ್ಕೂ ಮೂಡು, ಪಡು, ತೆಂಕು, ಬಡಗು. ನೀರಿರುವ ಕಡೆ ಪಡು, ಅಂದರೆ ಪಶ್ಚಿಮ; ಘಟ್ಟದ ಕಡೆ ಮೂಡು, ಅಂದರೆ ಪೂರ್ವ. ಪ್ರೆಸಿಯ ಮನೆಯ ಹಾಲ್‌ನ ಕಿಟಕಿಯಿಂದ ದೊಡ್ಡ ಸರೋವರ ಕಾಣುತ್ತದೆ, ಆಚೆ ದಡವೇ ಇಲ್ಲದ ಹಾಗೆ, ಥೇಟ್ ಕಾಪುವಿನ ಕಡಲಂತೆ. ಹಾಗಾದರೆ ಅದು ಪಡು. ಅದಕ್ಕೆ ಬೆನ್ನು ಹಾಕಿದರೆ ಮೂಡು. ನೀರಿಗೆ ಎದುರಾದ ಒಳಗೋಡೆಗೆ, ಚಪ್ಪಲಿ ಸ್ಟ್ಯಾಂಡಿನ ಮೇಲೆ ಪೆಟ್ಟಿಗೆ ಕಟ್ಟಿದೆ.

ಟಿವಿಯಲ್ಲಿ ಒಂದು ಚಾನೆಲ್ಲೂ ಇಲ್ಲ. ಎತ್ತರಿಸಿದೆ, ತಗ್ಗಿಸಿದೆ, ಬೂಸ್ಟರ್ ತಿರುಗಿಸಿದೆ. ನಮ್ಮ ಕಾಲದಲ್ಲಿ ಚುಕ್ಕಿಯ ಹಿಂದೆ ಯಾರೋ ಮಸುಕಾಗಿ ಕಂಡು ಆಸೆ ಹುಟ್ಟುತ್ತಿತ್ತು. ಈಗಿನ ಡಿಜಿಟಲ್ ಸಿಗ್ನಲ್ ಹಾಗಲ್ಲ, ಬಂದರೆ ಪೂರ್ತಿ, ಇಲ್ಲದಿದ್ದರೆ ಕಪ್ಪು ಪರದೆ. ನಾಲ್ಕನೆಯ ದಿನ ಸೋತು, ಪೆಟ್ಟಿಗೆ ಹಿಡಿದುಕೊಂಡು ಅಂಗಡಿಗೆ ಹೋದೆ. ಬಿಚ್ಚಿದ ಸಾಮಾನನ್ನು ಆ ಪುಣ್ಯಾತ್ಮ ಒಂದೂ ಮಾತಿಲ್ಲದೆ ವಾಪಸು ತೆಗೆದುಕೊಂಡು ಹಾಳೆಯನ್ನು ಕೊಟ್ಟ. ‘ಮಾರಿದ ಸಾಮಾನು ವಾಪಸು ಇಲ್ಲ’ ಎಂದು ಅಂಗಡಿಯಲ್ಲಿ ದಪ್ಪಕ್ಷರದಲ್ಲಿ ಬರೆಸಿದ್ದವನಿಗೆ ಮುಖ ಎತ್ತಲು ನಾಚಿಕೆಯಾಯಿತು. ಆದರೆ ಅದೇ ಗೋಡೆಗೆ ಹಾಳೆ ಅಂಟಿಸಿದರೂ ಅದೇ ಕಪ್ಪು.

ಅಂದು ಶನಿವಾರ ಮಧ್ಯಾಹ್ನ. ಪ್ರೆಸಿ ಅಡುಗೆಮನೆಯ ಮೇಜಿನಲ್ಲಿ ಕೂತು ಅಮ್ಮನ ಟಿಕೆಟ್ ಹುಡುಕುತ್ತಿದ್ದಳು. ನಾನು ಸ್ಟೂಲಿನ ಮೇಲೆ ನಿಂತು, ಹಾಳೆಯನ್ನು ಗೋಡೆಯ ಉದ್ದಕ್ಕೂ ಸರಿಸುತ್ತ ಗೊಣಗುತ್ತಿದ್ದೆ. “ಮೂಡಕ್ಕೇ ಇಟ್ಟಿದ್ದೇನೆ, ಇನ್ನೂ ಎಷ್ಟು ಮೂಡಕ್ಕೆ ಇಡಲಿ?”

ಕಿಟಕಿಯ ಕಡೆಯಿಂದ ಜೆಸಿಂತಾಳ ಧ್ವನಿ ಬಂತು. “ಅದು ಮೂಡು ಅಲ್ಲ.”

“ಎಂತ?”

“ಅದು ಪಡು ಮಾರಾಯ್ರೆ. ನೀರು ಇರುವುದು ಮೂಡಕ್ಕೆ. ಇಲ್ಲಿ ಸೂರ್ಯ ಹುಟ್ಟುವುದೇ ನೀರಿನಿಂದ. ಎರಡು ತಿಂಗಳಿಂದ ನೋಡುತ್ತಾ ಇದ್ದೇನೆ.”

ನಾನು ಸ್ಟೂಲಿನ ಮೇಲೆಯೇ ನಿಂತುಬಿಟ್ಟೆ. ಸೂರ್ಯ ಹುಟ್ಟುವ ಹೊತ್ತಿಗೆ ನಾನು ದಿನಾ ಕೆಳಗೆ, ಪ್ರೆಸಿಯ ಕಾರಿನ ಗಾಜಿನಿಂದ ಹಿಮ ಕೆರೆಯುತ್ತಿರುತ್ತೇನೆ. ಇವಳೊಬ್ಬಳು ಕೂತು ನೋಡಿದ್ದಾಳೆ. ನೀರಿನಿಂದ ಸೂರ್ಯ ಏಳುವುದನ್ನು ನಮ್ಮ ವಂಶದಲ್ಲೇ ಯಾರೂ ಕಂಡಿರಲಿಲ್ಲ. ಕಾಪುವಿನಲ್ಲಾಗಲಿ ಮಲ್ಪೆಯಲ್ಲಾಗಲಿ, ನಾವು ನೋಡಿದ್ದು ಮುಳುಗುವುದನ್ನು ಮಾತ್ರ.

“ಅದಲ್ಲದೆ ನೀರಿನಾಚೆ ಒಂದು ಕಡ್ಡಿ ಕಾಣುತ್ತದೆ, ಮೋಡ ಇಲ್ಲದ ದಿನ” ಎಂದಳು. “ಸಂಜೆ ಮಿಣಿಮಿಣಿ ಅನ್ನುತ್ತದೆ. ಕಾಪುವಿನ ಲೈಟ್‌ಹೌಸ್ ಹಾಗೆ ಉಂಟಲ್ವಾ ಅಂತ ನಾನು ಅದನ್ನೇ ನೋಡುತ್ತಾ ಕೂರುವುದು.”

ಪ್ರೆಸಿ ಎದ್ದು ಬಂದಳು. “ಮಮ್ಮಿ, ಅದು ಟೊರಾಂಟೊದ ಟವರ್! ಟಿವಿ ಬರುವುದೇ ಅದರಿಂದ!”

ನನ್ನ ಹೆಂಡತಿ ಎರಡು ತಿಂಗಳು ದಿಟ್ಟಿಸುತ್ತ ಕೂತದ್ದು ಟಿವಿ ಗೋಪುರವನ್ನೇ. ಟಿವಿ ಮೆಕ್ಯಾನಿಕ್ ನಾನು ಅದಕ್ಕೆ ಬೆನ್ನು ಹಾಕಿ ಗೋಡೆ ಕೆರೆಯುತ್ತಿದ್ದೆ.

ಹಾಳೆಯನ್ನು ಅವಳ ಕುರ್ಚಿಯ ಪಕ್ಕದ ಗಾಜಿಗೆ ಹಿಡಿದೆ. ಪರದೆಯಲ್ಲಿ ಸಿಗ್ನಲ್ಲಿನ ಅಂಕಿ ತೋರಿಸುವ ಪುಟ ತೆರೆದಿತ್ತು. ನನ್ನ ಬಾಯಿಂದ ಹಳೆಯ ಅಭ್ಯಾಸದಲ್ಲಿ “ಬಂತಾ?” ಎಂದು ಕೂಗು ಹೊರಟಿತು. ಮದುವೆಯಾದ ಹೊಸತರಲ್ಲಿ ನನಗೆ ಸಹಾಯಕ್ಕೆ ಜನ ಇರಲಿಲ್ಲ. ನಾನು ಮಾಡಿನ ಮೇಲೆ, ಜೆಸಿಂತಾ ಜನರ ಮನೆಯ ಟಿವಿಯ ಮುಂದೆ. ಅವಳ ಗಾಯನದ ಗಂಟಲು ಹಂಚು ದಾಟಿ ಮೇಲಕ್ಕೆ ಕೇಳುತ್ತಿತ್ತು. ಆ ಗಂಟಲು ಈಗ ಕೆನಡಾದ ಹಾಲ್‌ನಲ್ಲಿ ಎದ್ದಿತು.

“ಇಲ್ಲ... ಸ್ವಲ್ಪ ಬಡಗಕ್ಕೆ... ನಲವತ್ತು... ಹೋಯ್ತು! ಮೊದಲಿನ ಹಾಗೇ ಇಡಿ... ಐವತ್ತೈದು... ಎಪ್ಪತ್ತು! ಅಲ್ಲೇ! ಅಲ್ಲಾಡಬೇಡಿ!”

ಇಪ್ಪತ್ತಕ್ಕೂ ಹೆಚ್ಚು ಚಾನೆಲ್ ಬಂದವು. ಚಿತ್ರವೆಂದರೆ ಎಂಥ ಚಿತ್ರ! ಹವಾಮಾನ ಹೇಳುವವಳ ಕಿವಿಯೋಲೆಯ ಹರಳೂ ಕಾಣುತ್ತಿತ್ತು. ಕೆಲವು ಚಾನೆಲ್ಲುಗಳು ಸರೋವರದ ಆಚೆಯ ಅಮೆರಿಕದವು ಎಂದಳು ಪ್ರೆಸಿ. ಈ ನೆಲದಲ್ಲಿ ಕಾಲಿಡಲು ನಮ್ಮಿಬ್ಬರ ಬೆರಳಚ್ಚು, ಎದೆಯ ಎಕ್ಸ್‌ರೇ ಎಲ್ಲ ಕೇಳಿದ್ದರು. ಇವು ಇನ್ನೊಂದು ದೇಶದಿಂದ, ಯಾರನ್ನೂ ಕೇಳದೆ, ಒಂದು ತೆಳು ಹಾಳೆಯ ಮೇಲೆ ಬಂದು ಇಳಿಯುತ್ತಿವೆ.

ಇಂಥದ್ದನ್ನು ನಾನು ಮೊದಲು ಒಮ್ಮೆ ಮಾತ್ರ ಕಂಡದ್ದು. ಎಷ್ಟೋ ವರ್ಷಗಳ ಹಿಂದೆ, ಕಾಪುವಿನ ಕಡಲತಡಿಯ ಒಂದು ಮನೆ, ಬೇಸಗೆಯ ಸೆಕೆಯ ಸಂಜೆ. ಆಂಟೆನಾ ಕಡಲಿನ ಕಡೆಗೆ ತಿರುಗಿದ್ದೇ ತಡ, ಚುಕ್ಕಿಗಳ ನಡುವೆ ಬಿಳಿ ನಿಲುವಂಗಿಯವನೊಬ್ಬ ಅರಬ್ಬಿಯಲ್ಲಿ ವಾರ್ತೆ ಓದತೊಡಗಿದ. ಬೇಸಗೆಯ ಗಾಳಿ ಒಮ್ಮೊಮ್ಮೆ ಕಡಲಿನ ಮೇಲಿಂದ ಅಷ್ಟು ದೂರದ ಸಿಗ್ನಲ್ಲನ್ನು ಹೊತ್ತು ತರುತ್ತದೆ. ಆ ಮನೆಯ ಗಂಡಸು ಮಸ್ಕತ್‌ನಲ್ಲಿ ದುಡಿಯುತ್ತಿದ್ದ. ಅವನ ಹೆಂಡತಿ ಕೈ ಒರೆಸಿಕೊಂಡು ಬಂದು ಟಿವಿಯ ಮುಂದೆ ಕೂತಳು, ಒಂದು ಅಕ್ಷರ ಅರ್ಥವಾಗದಿದ್ದರೂ ಚಿತ್ರ ಮಾಯವಾಗುವವರೆಗೆ ಏಳಲಿಲ್ಲ. ಅವರಿರುವ ಊರಿನ ಗಾಳಿ ಅಲ್ವಾ ಇದು, ಎಂದಳು. ಅಂದು ನನಗೆ ಆ ಮಾತು ತಮಾಷೆಯಾಗಿ ಕೇಳಿತ್ತು.

ಮರುದಿನ ಆದಿತ್ಯವಾರ. ಜೆಸಿಂತಾ ಬೆಳಿಗ್ಗೆಯೇ ಸ್ನಾನ ಮಾಡಿ, ಪೆಟ್ಟಿಗೆಯಿಂದ ಇಗರ್ಜಿಯ ಸೀರೆ ತೆಗೆದು ಉಟ್ಟು ಟಿವಿಯ ಮುಂದೆ ನಿಂತಳು. ಪಾದ್ರಿ ಇಂಗ್ಲಿಷಿನಲ್ಲಿ ಹೇಳಿದರು, ಅವಳು ಕೊಂಕಣಿಯಲ್ಲಿ ಉತ್ತರ ಕೊಟ್ಟಳು. ಒಂದೂ ತಪ್ಪಲಿಲ್ಲ. ಅವರು ಕೂರಿ ಎಂದಾಗ ಕೂತಳು, ಏಳಿ ಎಂದಾಗ ನೋವಿನ ಮೊಣಕಾಲು ಹಿಡಿದು ಎದ್ದಳು. ಹಾಡಿನ ಹೊತ್ತಿಗೆ ಅವರದ್ದೊಂದು, ಇವಳದ್ದೊಂದು. ನನ್ನ ಕಣ್ಣಲ್ಲಿ ನೀರು ಬಂತು, ಮುಚ್ಚಿಡುವುದೇನು. ಅವಳ ಹಿಂದಿನ ಗಾಜಿನಲ್ಲಿ ಸೂರ್ಯ ನೀರು ಬಿಟ್ಟು ಒಂದು ಗೇಣು ಮೇಲಕ್ಕೆ ಬಂದಿದ್ದ.

ಟಿಕೆಟಿನ ಮಾತನ್ನು ನಾನೂ ಎತ್ತಲಿಲ್ಲ, ಪ್ರೆಸಿಯೂ ಎತ್ತಲಿಲ್ಲ. ಸಂಜೆ ಜೆಸಿಂತಾ ಮಗಳ ಕೋಣೆಯ ಬಾಗಿಲಲ್ಲಿ ನಿಂತು ನನ್ನನ್ನು ಕರೆದಳು.

“ತೊಟ್ಟಿಲು ಇಲ್ಲಿ ಇಡುವ. ಮಗುವಿನ ತಲೆ ಮೂಡಕ್ಕೆ ಬರಬೇಕು. ಮೂಡು ಯಾವ ಕಡೆ, ತೋರಿಸಿ ನೋಡುವ.”

ಅವಳು ಇರುತ್ತಾಳೆ ಎಂದು ನನಗೆ ತಿಳಿದದ್ದು ಹಾಗೆ. ಕೈ ಎತ್ತಿ ತೋರಿಸಿದೆ. ಕೈ ಹೋದದ್ದು ನೀರಿಗೆ ಬೆನ್ನಾದ ಗೋಡೆಯ ಕಡೆಗೆ, ಘಟ್ಟ ಇರಬೇಕಾದ ಕಡೆಗೆ.

“ಅದು ಪಡು ಮಾರಾಯ್ರೆ!” ಎಂದು ಜೆಸಿಂತಾ ನಕ್ಕಳು. ಎರಡು ತಿಂಗಳಲ್ಲಿ ಮೊದಲ ಸಲ, ಗಟ್ಟಿಯಾಗಿ. ನಕ್ಕು ಮುಗಿಸಿ ತೊಟ್ಟಿಲಿನ ಜಾಗ ನೋಡಲು ತಿರುಗಿದವಳು ತಾನೂ ಒಂದು ಗಳಿಗೆ ನಿಂತಳು. ಕಿಟಕಿಯನ್ನೊಮ್ಮೆ, ಗೋಡೆಯನ್ನೊಮ್ಮೆ ನೋಡಿ, ಮೂಡು, ಪಡು ಎಂದು ಬೆರಳು ಮಡಚಿ ಲೆಕ್ಕ ಹಾಕಿ, ಆಮೇಲೆ ನೀರಿನ ಕಡೆಗೆ ಕೈ ತೋರಿಸಿದಳು.